ಕಾನೂನು ಪದವಿಯ ಮೊದಲ ವರ್ಷ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿ ಈ ವರ್ಷ ಮೂರು ವರ್ಷಗಳ ಎಲ್‌ಎಲ್‌.ಬಿ.ಗೆ ಸೇರಿದ್ದೇನೆ. ಕರಾರು ಕಾನೂನು, ಅಪಕೃತ್ಯ ಕಾನೂನು, ಸಂವಿಧಾನ ಮತ್ತು ಅಪರಾಧ ಕಾನೂನು ನಮ್ಮ ಮುಖ್ಯ ವಿಷಯಗಳು. ಹಿರಿಯ ವಿದ್ಯಾರ್ಥಿಗಳ ನೋಟ್ಸ್ ಬಾಯಿಪಾಠ ಮಾಡಿದ್ದೆ. ಆದರೆ ಆಂತರಿಕ ಪರೀಕ್ಷೆಯಲ್ಲಿ, ಕಳೆದುಹೋದ ಎತ್ತನ್ನು ಹುಡುಕಿಕೊಟ್ಟವರಿಗೆ 5,000 ರೂಪಾಯಿ ಬಹುಮಾನವೆಂದು ಒಬ್ಬನು ಪ್ರಕಟಿಸಿದ್ದು, ಆ ಪ್ರಕಟಣೆ ತಿಳಿಯದೆಯೇ ಎತ್ತನ್ನು ತಂದೊಪ್ಪಿಸಿದವನಿಗೆ ಹಣ ಸಲ್ಲುತ್ತದೆಯೇ ಎಂದು ಕೇಳಿದ್ದರು. ಸಲ್ಲುತ್ತದೆ, ಅದೇ ನ್ಯಾಯ ಎಂದು ಬರೆದೆ, ಅಂಕ ಬರಲಿಲ್ಲ. ಕಾಯಿದೆಯ ಇಂಗ್ಲಿಷ್ ಕೂಡ ತಲೆಗೆ ಹತ್ತುವುದಿಲ್ಲ. ಎಲ್ಲಿಂದ ಆರಂಭಿಸಲಿ?
— ಓದುಗರು, ಹಾವೇರಿ ಜಿಲ್ಲೆ

ಉತ್ತರ: ಕರಾರು ಕಾನೂನಿನಿಂದ ಆರಂಭಿಸಿ, ಅದರಲ್ಲಿಯೂ ಆ ಎತ್ತಿನ ಪ್ರಶ್ನೆಯಿಂದಲೇ ಆರಂಭಿಸಿ. ನಿಮ್ಮ ಉತ್ತರದಲ್ಲಿ ನ್ಯಾಯದ ಬಗೆಗಿನ ನಿಮ್ಮ ಅಭಿಪ್ರಾಯವಿತ್ತು, ಕಾಯಿದೆಯ ಮಾತು ಇರಲಿಲ್ಲ. ಮೊದಲ ವರ್ಷದ ಬಹುತೇಕ ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ, ಆದ್ದರಿಂದ ಎದೆಗುಂದಬೇಡಿ.

1872ರ ಭಾರತೀಯ ಕರಾರು ಕಾಯಿದೆಯ ಬೇರ್ ಆಕ್ಟ್ ಕೊಂಡುಕೊಳ್ಳಿ. ಅದು ಟಿಪ್ಪಣಿ, ಗೈಡು ಯಾವುದೂ ಇಲ್ಲದ, ಕಾಯಿದೆಯ ಮೂಲಪಾಠವಷ್ಟೇ ಇರುವ ಸಣ್ಣ ಪುಸ್ತಕ. ಒಂದು ಕೆಲಸವನ್ನು ಮಾಡಲು ಅಥವಾ ಮಾಡದಿರಲು ತನಗಿರುವ ಇಚ್ಛೆಯನ್ನು, ಇನ್ನೊಬ್ಬನ ಸಮ್ಮತಿ ಪಡೆಯುವ ಉದ್ದೇಶದಿಂದ, ಒಬ್ಬನು ಆತನಿಗೆ ತಿಳಿಸಿದಾಗ ಅದು ಪ್ರಸ್ತಾವವಾಗುತ್ತದೆ ಎಂದು 2ನೇ ಕಲಮಿನ ‘ಎ’ ಖಂಡ ಹೇಳುತ್ತದೆ. ಪ್ರಸ್ತಾವ ಯಾರಿಗೆ ಮಾಡಲ್ಪಟ್ಟಿತೋ ಆತನು ಸಮ್ಮತಿ ಸೂಚಿಸಿದಾಗ ಅದು ಅಂಗೀಕೃತವಾಗಿ ವಚನವಾಗುತ್ತದೆ ಎಂಬುದು ‘ಬಿ’ ಖಂಡ. ಇವುಗಳ ಜೊತೆಗೆ 4ನೇ ಕಲಮಿನ ಮೊದಲ ವಾಕ್ಯವನ್ನು ಓದಿ: ಪ್ರಸ್ತಾವವು ಯಾರಿಗೆ ಮಾಡಲ್ಪಟ್ಟಿದೆಯೋ ಆತನ ಅರಿವಿಗೆ ಬಂದಾಗಲೇ ಅದರ ತಿಳಿಸುವಿಕೆ ಪೂರ್ಣವಾಗುತ್ತದೆ. ಎತ್ತು ತಂದವನಿಗೆ ಪ್ರಕಟಣೆಯೇ ಗೊತ್ತಿರಲಿಲ್ಲ. ಗೊತ್ತಿಲ್ಲದ ಮಾತಿಗೆ ಯಾರೂ ಒಪ್ಪಿಗೆ ಕೊಡಲಾರರು. ಒಪ್ಪಿಗೆಯಿಲ್ಲದಿದ್ದರೆ ವಚನವಿಲ್ಲ, ವಚನವಿಲ್ಲದಿದ್ದರೆ ಕರಾರಿಲ್ಲ.

ಇದನ್ನು ಅರಿತ ಮೇಲೆ 1913ರಲ್ಲಿ ಅಲಹಾಬಾದ್ ಹೈಕೋರ್ಟ್ ತೀರ್ಮಾನಿಸಿದ ಲಾಲ್‌ಮನ್ ಶುಕ್ಲಾ ವಿರುದ್ಧ ಗೌರಿ ದತ್ ಪ್ರಕರಣವನ್ನು ಓದಿ. ಕಾನ್ಪುರದ ಗೌರಿ ದತ್ತರ ಸೋದರಳಿಯ ಮನೆಬಿಟ್ಟು ಹೋದಾಗ, ಅವರಲ್ಲಿ ಮುನೀಮನಾಗಿದ್ದ (ಲೆಕ್ಕಪತ್ರ ನೋಡಿಕೊಳ್ಳುವ ಗುಮಾಸ್ತ) ಲಾಲ್‌ಮನ್‌ನನ್ನು ಹುಡುಗನನ್ನು ಹುಡುಕಲು ಹರಿದ್ವಾರದ ಕಡೆಗೆ ಕಳುಹಿಸಲಾಯಿತು. ಅವನು ಹೊರಟ ಮೇಲೆ, ಹುಡುಗನನ್ನು ಹುಡುಕಿಕೊಟ್ಟವರಿಗೆ 501 ರೂಪಾಯಿ ಬಹುಮಾನವೆಂಬ ಕರಪತ್ರ ಹೊರಬಿತ್ತು. ಅದರ ಸುಳಿವಿಲ್ಲದೆಯೇ ಹುಡುಗನನ್ನು ಪತ್ತೆಮಾಡಿದ ಅವನು ನಂತರ ಬಹುಮಾನಕ್ಕಾಗಿ ದಾವೆ ಹೂಡಿ ಸೋತನು. ಪ್ರಸ್ತಾವದ ಅರಿವಿರಲಿಲ್ಲ ಎಂಬುದರ ಜೊತೆಗೆ, ಹುಡುಕುವುದು ಅವನಿಗೆ ಮೊದಲೇ ಒಪ್ಪಿಸಿದ ಕರ್ತವ್ಯವಾಗಿತ್ತು ಎಂಬುದೂ ತೀರ್ಪಿನಲ್ಲಿದೆ. ನಿಮ್ಮ ಪ್ರಶ್ನೆಪತ್ರಿಕೆಯ ಎತ್ತು ಈ ಪ್ರಕರಣದಿಂದ ಬಂದದ್ದೆಂಬುದು ಈಗ ನಿಮಗೇ ಕಾಣುತ್ತದೆ. ಲಾಲ್‌ಮನ್‌ಗೆ ಅನ್ಯಾಯವಾಯಿತೆಂದು ನಿಮಗೆ ಅನ್ನಿಸಬಹುದು. ನನಗೂ ವಿದ್ಯಾರ್ಥಿಯಾಗಿದ್ದಾಗ ಹಾಗೆಯೇ ಅನ್ನಿಸಿತ್ತು. ಆ ಅನಿಸಿಕೆಯನ್ನು ಬಿಡಬೇಕಾಗಿಲ್ಲ. ಆದರೆ ಉತ್ತರ ಬರೆಯುವಾಗ ಮೊದಲು ವಿವಾದದ ಅಂಶವನ್ನು, ಬಳಿಕ ಕಲಮಿನ ಮಾತನ್ನು, ಆಮೇಲೆ ಆ ಮಾತು ಕೊಟ್ಟಿರುವ ಸಂಗತಿಗೆ ಹೇಗೆ ಹೊಂದುತ್ತದೆ ಎಂಬುದನ್ನು ಬರೆದು ನಿರ್ಣಯಕ್ಕೆ ಬನ್ನಿ.

ಕಲಮಿನ ಒಂದೊಂದು ಪದಕ್ಕೂ ಬೆಲೆಯಿದೆ. ಪ್ರತಿಫಲವನ್ನು, ಎಂದರೆ ವಚನಕ್ಕೆ ಬದಲಾಗಿ ಬರುವುದನ್ನು, ವಿವರಿಸುವ 2ನೇ ಕಲಮಿನ ‘ಡಿ’ ಖಂಡದಲ್ಲಿ, ವಚನ ಪಡೆದವನು ‘ಅಥವಾ ಬೇರೆ ಯಾವನೇ ವ್ಯಕ್ತಿ’ ಎಂಬ ಮಾತು ಬರುತ್ತದೆ. ಓದುವಾಗ ಕಣ್ಣು ಜಾರಿಬಿಡುವ ಈ ಮಾತಿನ ಮೇಲೆಯೇ, 1882ರ ಸಂಪುಟದಲ್ಲಿ ವರದಿಯಾದ ಮದ್ರಾಸ್ ಹೈಕೋರ್ಟಿನ ಚಿನ್ನಯ್ಯ ವಿರುದ್ಧ ರಾಮಯ್ಯ ಪ್ರಕರಣ ನಿಂತಿದೆ. ಆಸ್ತಿಯನ್ನು ಮಗಳಿಗೆ ದಾನ ಬರೆದ ವೃದ್ಧೆಯೊಬ್ಬರು, ತಮ್ಮ ತಂಗಿಗೆ ವರ್ಷಾಶನ ಕೊಡಬೇಕೆಂದು ಷರತ್ತು ಹಾಕಿದ್ದರು. ಮಗಳು ಚಿಕ್ಕಮ್ಮನಿಗೆ ಹಾಗೆಂದು ಬರೆದುಕೊಟ್ಟು, ಆಮೇಲೆ ಚಿಕ್ಕಮ್ಮನಿಂದ ತನಗೇನೂ ಪ್ರತಿಫಲ ಬಂದಿಲ್ಲವೆಂದು ನಿರಾಕರಿಸಿದಳು. ಪ್ರತಿಫಲ ‘ಬೇರೆ ಯಾವನೇ ವ್ಯಕ್ತಿ’ಯಿಂದ ಬಂದರೂ ಸಾಕು, ತಾಯಿ ಕೊಟ್ಟ ಆಸ್ತಿಯೇ ಪ್ರತಿಫಲವೆಂದು ನ್ಯಾಯಾಲಯ ಹೇಳಿತು. ನೋಟ್ಸಿನಲ್ಲಿ ಇಂತಹದ್ದು ಒಂದು ಸಾಲಾಗಿ ಉಳಿಯುತ್ತದೆ, ಅದಕ್ಕೇ ಮರೆತುಹೋಗುತ್ತದೆ.

ಇಂಗ್ಲಿಷ್ ಬಗ್ಗೆ: ದಿನಕ್ಕೆ ಎರಡು ಕಲಮುಗಳಿಗಿಂತ ಹೆಚ್ಚು ಓದಬೇಡಿ. ಓದಿದ್ದನ್ನು ಪುಸ್ತಕ ಮುಚ್ಚಿ, ಮನೆಯ ಹಿರಿಯರಿಗೆ ತಿಳಿಸಿ ಹೇಳುವಂತೆ ಕನ್ನಡದಲ್ಲಿ ಬರೆಯಿರಿ. ಮತ್ತೆ ತೆರೆದು, ಯಾವ ಪದ ಬಿಟ್ಟುಹೋಯಿತೆಂದು ನೋಡಿ. ಪಾರಿಭಾಷಿಕ ಪದಗಳಿಗೆ ಪ್ರತ್ಯೇಕ ನೋಟ್‌ಬುಕ್ ಇಡಿ. ‘ವಾಯ್ಡ್’ ಎಂದರೆ ಶೂನ್ಯ, ‘ವಾಯ್ಡಬಲ್’ ಎಂದರೆ ನೊಂದ ಪಕ್ಷದವನು ಬಯಸಿದರೆ ರದ್ದುಪಡಿಸಬಹುದಾದದ್ದು. ಅಪ್ರಾಪ್ತ ವಯಸ್ಕನ ಒಪ್ಪಂದ ಮೊದಲನೆಯದೆಂದು 1903ರಲ್ಲಿ ಪ್ರೀವಿ ಕೌನ್ಸಿಲ್ (ಬ್ರಿಟಿಷರ ಕಾಲದಲ್ಲಿ ಲಂಡನ್ನಿನಲ್ಲಿದ್ದ ನಮ್ಮ ಅಂತಿಮ ಮೇಲ್ಮನವಿ ನ್ಯಾಯಾಲಯ) ಮೊಹೊರಿ ಬೀಬಿ ಪ್ರಕರಣದಲ್ಲಿ ಹೇಳಿತು, ಬೆದರಿಸಿ ಮಾಡಿಸಿಕೊಂಡ ಒಪ್ಪಂದ 19ನೇ ಕಲಮಿನಂತೆ ಎರಡನೆಯದು. ಹೀಗೆ ಉದಾಹರಣೆಯೊಡನೆ ಬರೆದಿಟ್ಟ ಪದ ಮರೆಯುವುದಿಲ್ಲ. ನಮ್ಮ ತಾಲ್ಲೂಕು, ಜಿಲ್ಲಾ ನ್ಯಾಯಾಲಯಗಳಲ್ಲಿ ಕನ್ನಡ ನಡೆಯುತ್ತದೆ, ಹೈಕೋರ್ಟಿನ ತೀರ್ಪುಗಳು ಇಂಗ್ಲಿಷಿನಲ್ಲಿರುತ್ತವೆ. ಎರಡರಲ್ಲಿಯೂ ಪಳಗಿದ ವಕೀಲರ ಅಗತ್ಯ ನಮ್ಮ ಕಕ್ಷಿದಾರರಿಗೆ ಬಹಳ ಇದೆ.

ಅಪಕೃತ್ಯ ಕಾನೂನನ್ನು (ಟಾರ್ಟ್), ಎಂದರೆ ಒಬ್ಬನ ತಪ್ಪಿನಿಂದ ಇನ್ನೊಬ್ಬನಿಗಾದ ಹಾನಿಗೆ ಪರಿಹಾರ ಕೊಡಿಸುವ ಕಾನೂನನ್ನು, ಇದರ ನಂತರ ಹಿಡಿಯಿರಿ. ಅದಕ್ಕೆ ಕರಾರಿನಂತೆ ಒಂದೇ ಕಾಯಿದೆಯಿಲ್ಲ, ತೀರ್ಪುಗಳೇ ಆಧಾರ. ಆದ್ದರಿಂದ ಅಲ್ಲಿ ಪ್ರಕರಣಗಳನ್ನು ಜೋಡಿಯಾಗಿ ಓದಬೇಕು: ಅಪಾಯಕರ ವಸ್ತು ತಪ್ಪಿಸಿಕೊಂಡು ಹಾನಿಯಾದರೆ ಹೊಣೆಯೆಂದು, ಕೆಲವು ವಿನಾಯಿತಿಗಳೊಡನೆ ಹೇಳುವ 1868ರ ರೈಲ್ಯಾಂಡ್ಸ್ ವಿರುದ್ಧ ಫ್ಲೆಚರ್ ಒಂದು ಕಡೆ, ದೆಹಲಿಯ ಓಲಿಯಂ ಅನಿಲ ಸೋರಿಕೆಯ ನಂತರ, 1986ರಲ್ಲಿ, ಅಂತಹ ಉದ್ಯಮಕ್ಕೆ ಆ ವಿನಾಯಿತಿಗಳೂ ಇಲ್ಲವೆಂದ ನಮ್ಮ ಸುಪ್ರೀಂ ಕೋರ್ಟಿನ ಎಂ.ಸಿ. ಮೆಹ್ತಾ ತೀರ್ಪು ಇನ್ನೊಂದು ಕಡೆ.

ಪ್ರಶ್ನೆ: ಸಂವಿಧಾನದ ತೀರ್ಪುಗಳು ನೂರಾರು ಪುಟಗಳಿವೆ. ಮೊದಲ ವರ್ಷದಲ್ಲಿಯೇ ಕೇಶವಾನಂದ ಭಾರತಿ ತೀರ್ಪನ್ನು ಪೂರ್ತಿ ಓದಬೇಕೇ?
— ಓದುಗರು, ಮೈಸೂರು

ಉತ್ತರ: ಬೇಡ. ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿಯವರು ಹೂಡಿದ ಆ ಮೊಕದ್ದಮೆಯಲ್ಲಿ 13 ನ್ಯಾಯಮೂರ್ತಿಗಳು ಕುಳಿತು, 1973ರಲ್ಲಿ 7–6ರ ಬಹುಮತದಿಂದ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ತಿದ್ದುಪಡಿಯಿಂದ ಕೆಡಿಸುವಂತಿಲ್ಲ ಎಂದರು. ಬೇರೆ ಬೇರೆಯಾಗಿ ಬರೆದ ಆ ಅಭಿಪ್ರಾಯಗಳ ನಡುವೆ ಹೊಸಬರು ದಾರಿ ತಪ್ಪುವುದು ಸಹಜ. ಅದರ ಬದಲು ಒಂದೇ ಅನುಚ್ಛೇದವನ್ನು ಹಿಡಿದು ಅದರ ಬೆಳವಣಿಗೆಯನ್ನು ನೋಡಿ. ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ರಕ್ಷಿಸುವ 21ನೇ ಅನುಚ್ಛೇದಕ್ಕೆ 1950ರ ಎ.ಕೆ. ಗೋಪಾಲನ್ ಪ್ರಕರಣದಲ್ಲಿ ಸಿಕ್ಕ ಸಂಕುಚಿತ ಅರ್ಥ 1978ರ ಮೇನಕಾ ಗಾಂಧಿ ತೀರ್ಪಿನಲ್ಲಿ ಹೇಗೆ ಹಿಗ್ಗಿತು, ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ 2017ರಲ್ಲಿ ಖಾಸಗಿತನವೂ ಅದರೊಳಗೆ ಹೇಗೆ ಬಂದಿತು ಎಂಬುದನ್ನು ಅರಿತರೆ, ಉಳಿದ ಅನುಚ್ಛೇದಗಳನ್ನು ಓದುವ ಬಗೆ ತಾನಾಗಿ ಹಿಡಿತಕ್ಕೆ ಬರುತ್ತದೆ.

ಪ್ರಶ್ನೆ: ಅಣ್ಣನ ಹಳೆಯ ಐಪಿಸಿ ಪುಸ್ತಕವಿದೆ. ಅದನ್ನೇ ಓದಬಹುದೇ?
— ಓದುಗರು, ಕಲಬುರಗಿ

ಉತ್ತರ: ಪರೀಕ್ಷೆಗೆ ಭಾರತೀಯ ನ್ಯಾಯ ಸಂಹಿತೆಯ ಬೇರ್ ಆಕ್ಟ್ ಬೇಕೇ ಬೇಕು, ಐಪಿಸಿಯ (ಭಾರತೀಯ ದಂಡ ಸಂಹಿತೆ) ಬದಲಿಗೆ ಬಂದ ಅದು 2024ರ ಜುಲೈ 1ರಿಂದ ಜಾರಿಯಲ್ಲಿದೆ. ಹಳೆಯ ಪುಸ್ತಕವನ್ನು ಮಾತ್ರ ಎಸೆಯಬೇಡಿ. ಆ ದಿನಕ್ಕೆ ಮೊದಲು ನಡೆದ ಅಪರಾಧಗಳಿಗೆ ಐಪಿಸಿಯೇ ಅನ್ವಯಿಸುತ್ತದೆ, ಕೊಲೆಯಂತಹ ವ್ಯಾಖ್ಯೆಗಳ ಭಾಷೆ ಬಹುಪಾಲು ಹಾಗೆಯೇ ಉಳಿದಿರುವುದರಿಂದ ಹಳೆಯ ತೀರ್ಪುಗಳೂ ಉಪಯೋಗಕ್ಕೆ ಬರುತ್ತವೆ. ಹಳೆಯ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಹೊಸ ಸಂಖ್ಯೆ ಬರೆದುಕೊಳ್ಳಿ: ಕೊಲೆಯ ವ್ಯಾಖ್ಯೆಯ 300ರ ಎದುರು 101, ಕೊಲೆಯ ಶಿಕ್ಷೆಯ 302ರ ಎದುರು 103, ಕಳವಿನ 378ರ ಎದುರು 303.