"ಯಾರಿಗೂ ಹೇಳಬೇಡ" ಅಂದ ಗೆಳೆಯನಿಗೆ ಏನು ಮಾಡಲಿ?

ನಿಮ್ಮ ರೂಮ್‌ಮೇಟ್ "ನಾನಿಲ್ಲದಿದ್ರೆ ಎಲ್ಲರಿಗೂ ಆರಾಮು" ಅಂದಿದ್ದಾನೆ, ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿಕೊಂಡಿದ್ದಾನೆ. ಸಾಯುವ ಯೋಚನೆ ಇದೆಯಾ ಅಂತ ಕೇಳಿದರೆ ಇಲ್ಲದ್ದನ್ನು ತಲೆಗೆ ತುಂಬಿದ ಹಾಗಾಗುತ್ತಾ ಅನ್ನೋದು ನಿಮ್ಮ ಭಯ, ಅಲ್ವಾ? ಹಾಗಾಗುವುದಿಲ್ಲ. ಕೇಳಿ. ಇವತ್ತೇ ಕೇಳಿ.

ನನಗೆ ಇದು ಗೊತ್ತಾಗಿದ್ದು ನಮ್ಮ ಭಾವನಿಂದ. ಎರಡು ಬೋರ್‌ವೆಲ್ ಫೇಲಾಗಿ ಸಾಲ ಕುತ್ತಿಗೆಗೆ ಬಂದಿತ್ತು. ಒಂದು ಸಂಜೆ ಮನೆಗೆ ಬಂದವರು ಬೈಕ್ ಕೀ ತೆಗೆದು ಮೇಜಿನ ಮೇಲಿಟ್ಟು, "ಇದನ್ನ ನೀನೇ ಇಟ್ಕೋ, ನನಗೆ ಇನ್ಯಾಕೆ" ಅಂದರು. ಯಾರ್ಯಾರಿಗೆ ಎಷ್ಟು ಕೊಡಬೇಕು ಅಂತ ಮಗಳ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು ತಂದಿದ್ದರು. ಕಾಫಿ ಕೆನೆಗಟ್ಟಿದರೂ ಲೋಟ ಮುಟ್ಟಲಿಲ್ಲ.

ನಾನು ಮೊದಲು ಎಲ್ಲರೂ ಹೇಳೋದನ್ನೇ ಹೇಳಿದೆ. "ಧೈರ್ಯ ತಗೊಳ್ಳಿ ಭಾವ, ಮಕ್ಕಳ ಮುಖ ನೋಡಿ." ಅವರು ತಲೆ ತಗ್ಗಿಸಿದರು. ಮಕ್ಕಳ ಮುಖ ನೋಡೋಕೆ ಆಗದೇ ತಾನೇ ಅವರು ನಮ್ಮನೆಗೆ ಬಂದಿದ್ದು! ಕುರ್ಚಿ ಹತ್ತಿರ ಎಳೆದುಕೊಂಡು, "ಭಾವ, ಸಾಯಬೇಕು ಅಂತ ಏನಾದರೂ ಅನಿಸ್ತಿದೆಯಾ?" ಅಂತ ಕೇಳಿದೆ. ತುಂಬಾ ಹೊತ್ತು ಮಾತಿಲ್ಲ. ಆಮೇಲೆ "ಹ್ಞೂಂ" ಅಂದರು. ಮುಂದಿನ ಒಂದು ಗಂಟೆ ಅವರೇ ಮಾತಾಡಿದರು, ನಾನು ಕೂತಿದ್ದೆ ಅಷ್ಟೇ.

ಇನ್ನು ಆಣೆ. ಅದನ್ನು ಮುರಿಯಿರಿ, ಆದರೆ ಕದ್ದುಮುಚ್ಚಿ ಬೇಡ. ನಾನು ಭಾವನಿಗೆ ಮುಖಕ್ಕೇ ಹೇಳಿದೆ: "ಇದನ್ನ ನನ್ನೊಳಗೇ ಇಟ್ಕೊಳ್ಳೋಕೆ ಆಗಲ್ಲ. ಅಕ್ಕನಿಗೆ ಹೇಳ್ತೀನಿ, ನಿಮ್ಮೆದುರಿಗೇ." ಸಿಟ್ಟಾದರು. ಆಗಲಿ ಬಿಡಿ. ನಿಮ್ಮ ಗೆಳೆಯನಿಗೆ ಮನೆಯವರಿಂದಲೇ ನೋವಾಗಿದ್ದರೆ, ಅವನು ನಂಬುವ ಬೇರೆ ಯಾರನ್ನಾದರೂ ಕರೆಯಿರಿ.

ಏನಾದರೂ ತೀರ್ಮಾನ ಮಾಡಿಕೊಂಡಿದ್ದಾನಾ ಅಂತಲೂ ಕೇಳಿ. ಹೌದು ಅಂದರೆ ಒಂದು ನಿಮಿಷವೂ ಒಬ್ಬನೇ ಬಿಡಬೇಡಿ. 112ಕ್ಕೋ 108ಕ್ಕೋ ಫೋನ್ ಮಾಡಿ, ಇಲ್ಲಾಂದ್ರೆ ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ನೀವೇ ಕರೆದುಕೊಂಡು ಹೋಗಿ. ಆ ಯೋಚನೆ ಜೋರಾಗಿರುವ ಹೊತ್ತು ಎಷ್ಟೋ ಸಲ ಚಿಕ್ಕದು. ಅಷ್ಟು ಹೊತ್ತು ಅಪಾಯದ ವಸ್ತು ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಶ್ರೀಲಂಕಾ ತೀರಾ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸುತ್ತಾ ಬಂತು. 1995ರ ಹೊತ್ತಿಗೆ ಮೇಲೇರಿದ್ದ ಅಲ್ಲಿನ ಆತ್ಮಹತ್ಯೆ ಪ್ರಮಾಣ ಮುಂದಿನ 20 ವರ್ಷಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇಳಿಯಿತು. ಅಕ್ಕ ಅವತ್ತು ರಾತ್ರಿಯೇ ಹೊಲದ ಔಷಧಿಯನ್ನೆಲ್ಲ ಮನೆಯಿಂದ ಸಾಗಿಸಿದಳು. ನಿಮ್ಮ ರೂಮಲ್ಲಿರುವ ಮಾತ್ರೆಗಳು ನಿಮ್ಮ ಹತ್ತಿರ ಇರಲಿ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 2022ರ ಅಕ್ಟೋಬರಿನಿಂದ ಇದೆ. ನಂಬರ್ 14416. ದುಡ್ಡಿಲ್ಲ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅವನೇ ಮಾಡಬೇಕು ಅಂತಿಲ್ಲ, ಅವನ ಬಗ್ಗೆ ನೀವೇ ಕೇಳಬಹುದು. ಬೆಂಗಳೂರಲ್ಲಿದ್ದರೆ ನಿಮ್ಹಾನ್ಸ್‌ನ ಎಮರ್ಜೆನ್ಸಿ ರಾತ್ರಿಯೂ ತೆರೆದಿರುತ್ತದೆ. ಪೊಲೀಸ್ ಕೇಸ್ ಆಗುತ್ತೆ ಅಂತ ಹೆದರಿ ಎಷ್ಟೋ ಮನೆಗಳಲ್ಲಿ ಮುಚ್ಚಿಡುತ್ತಾರೆ. ಆದರೆ ಆತ್ಮಹತ್ಯೆಗೆ ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ 2017ರ ಮಾನಸಿಕ ಆರೋಗ್ಯ ಕಾಯ್ದೆ ಪರಿಗಣಿಸುತ್ತದೆ. ಅವರಿಗೆ ಚಿಕಿತ್ಸೆ, ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ ಅನ್ನುತ್ತದೆ.

ಭಾವ ಜಿಲ್ಲಾ ಆಸ್ಪತ್ರೆಗೆ ಹೋದರು, ಮಾತ್ರೆ ತಗೊಂಡರು. ಸಾಲ ಇನ್ನೂ ತೀರಿಲ್ಲ. ಬೈಕ್ ಕೀ ಮಾತ್ರ ಮೂರು ತಿಂಗಳಾದ ಮೇಲೆ ಅವರೇ ಬಂದು ಇಸ್ಕೊಂಡು ಹೋದರು. ಈಗಲೂ ಭಾನುವಾರ ಫೋನ್ ಮಾಡಿ, ಮಳೆ ಬೆಳೆ ಮಾತಾದ ಮೇಲೆ "ಆ ಯೋಚನೆ ಮತ್ತೆ ಬಂತಾ ಭಾವ?" ಅಂತ ಕೇಳುತ್ತೇನೆ. ಬಂದಿದ್ದರೆ ಹೇಳುತ್ತಾರೆ.

ಇದೆಲ್ಲ ಒಬ್ಬರೇ ಹೊರೋದು ನಿಮಗೂ ಕಷ್ಟ. ಇವತ್ತು ರಾತ್ರಿ ಅವನ ಜೊತೆ ಇರೋಕೆ ಇನ್ನೊಬ್ಬ ಗೆಳೆಯನನ್ನೂ ಕರೆಸಿಕೊಳ್ಳಿ.