ರಾಘವರು ನಮ್ಮವರಲ್ಲ ಅಂದರೆ ಹೇಗೆ?

ಸಿಂಧನೂರಿನ ಓದುಗ ಮಿತ್ರರಿಗೆ ನಮಸ್ಕಾರ.

ಕಳೆದ ಸಂಚಿಕೆ ಓದಿ ಎರಡು ಮಾತು ಕೇಳಿದ್ದೀರಿ. ಬಳ್ಳಾರಿ ರಾಘವರು ತೆಲುಗು ನಟರು, ಅವರನ್ನು ಕನ್ನಡದ ಪತ್ರಿಕೆ ಯಾಕೆ ಹೊತ್ತು ಮೆರೆಸಬೇಕು? ಅಷ್ಟು ದೊಡ್ಡ ನಟರಾಗಿದ್ದರೆ ಬರೀ ಮೂರು ಸಿನಿಮಾ ಯಾಕೆ? ನಿಮ್ಮ ಕಾಗದ ನನಗೆ ಬೇಸರ ತರಲಿಲ್ಲ. ನಾವು ಅರ್ಧ ಪುಟದಲ್ಲಿ ಅವರನ್ನು ಮುಗಿಸಿಬಿಟ್ಟಿದ್ದೆವು, ತಪ್ಪು ನಮ್ಮದೇ.

ರಾಘವರು ಹುಟ್ಟಿದ್ದು 1880ರಲ್ಲಿ, ಈಗಿನ ಆಂಧ್ರದ ತಾಡಪತ್ರಿಯಲ್ಲಿ. ಜಾಸ್ತಿ ಹೆಸರು ಮಾಡಿದ್ದು ತೆಲುಗು ನಾಟಕಗಳಲ್ಲೇ, ನಿಜ. ಆದರೆ ವಕೀಲರಾಗಿ ಕೋರ್ಟಿಗೆ ಹೋಗಿದ್ದು, ಬಣ್ಣ ಹಚ್ಚಿದ್ದು, ಬಾಳಿದ್ದು ಬಳ್ಳಾರಿಯಲ್ಲಿ. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ, ಅಷ್ಟೊತ್ತಿಗೆ ರಾಘವರು ತೀರಿಕೊಂಡು ಏಳು ವರ್ಷ ಆಗಿತ್ತು. ಅವರ ಕಾಲದಲ್ಲಿ ಇಲ್ಲದ ಗಡಿಯನ್ನು ಈಗ ತಂದು ಅವರ ಮುಂದೆ ಎಳೆಯೋದು ಸರಿಯಲ್ಲ, ಅಲ್ವಾ? ನಿಮ್ಮ ಸುತ್ತಲಿನ, ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳಲ್ಲಿ ಎರಡೂ ಭಾಷೆ ಹೇಗೆ ಕಲೆತು ಬದುಕುತ್ತವೆ ಅಂತ ನಾನು ನಿಮಗೆ ಹೇಳಬೇಕಿಲ್ಲ.

ಆಗಿನ ಬಳ್ಳಾರಿ ನಾಟಕದ ಊರು. ಅಲ್ಲಿ ಎರಡು ನಾಟಕ ಸಂಘಗಳು: ರಾಘವರ ಸೋದರಮಾವ ಧರ್ಮವರಂ ರಾಮಕೃಷ್ಣಮಾಚಾರ್ಯರದು ಸರಸ ವಿನೋದಿನಿ ಸಭಾ, ಕೋಲಾಚಲಂ ಶ್ರೀನಿವಾಸರಾಯರದು ಸುಮನೋರಮ ಸಭಾ. ಇಬ್ಬರೂ ವಕೀಲರು, ಇಬ್ಬರೂ ನಾಟಕ ಬರೆಯುವವರು. ಈ ಪೈಪೋಟಿಯ ನಡುವೆ ಬೆಳೆದ ಹುಡುಗ ತಾನೂ ವಕೀಲನಾದ, ಬಣ್ಣವನ್ನೂ ಬಿಡಲಿಲ್ಲ. ಕೋಲಾಚಲಂ ಅವರ ರಾಮರಾಜು ನಾಟಕದ ಪಠಾಣ್ ರುಸ್ತುಂ ಪಾತ್ರ ಅವರಿಗೆ ದೊಡ್ಡ ಹೆಸರು ತಂದಿತು. ತೆಲುಗು, ಕನ್ನಡ, ಹಿಂದಿ, ಇಂಗ್ಲಿಷ್, ಎಲ್ಲದರಲ್ಲೂ ಅಭಿನಯಿಸಿದರು.

ನನ್ನ ಮಟ್ಟಿಗೆ ಅವರ ದೊಡ್ಡ ಕೆಲಸ ಬೇರೆಯೇ. ಪದ್ಯವನ್ನು ರಾಗ ಎಳೆದು ಹಾಡಿ, ಜನ ‘ಒನ್ಸ್ ಮೋರ್’ ಅಂದರೆ ಸತ್ತ ಪಾತ್ರವೂ ಎದ್ದು ಮತ್ತೆ ಹಾಡುತ್ತಿದ್ದ ಕಾಲ ಅದು. ರಾಘವರು ಮನುಷ್ಯರು ಮಾತಾಡುವ ಹಾಗೆ ಮಾತಾಡಿದರು. ಮುಖ, ಕಣ್ಣು, ಸುಮ್ನೆ ನಿಲ್ಲುವ ಒಂದು ಗಳಿಗೆ, ಇವೂ ಅಭಿನಯವೇ ಅಂತ ತೋರಿಸಿದರು. ಹೆಣ್ಣಿನ ಪಾತ್ರವನ್ನು ಹೆಂಗಸರೇ ಮಾಡಬೇಕು ಅಂತ ಪಟ್ಟು ಹಿಡಿದರು. ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ರಂಗಕ್ಕೆ ಕಾಲಿಡಬಾರದು ಅನ್ನುತ್ತಿದ್ದ ದಿನಗಳಲ್ಲಿ ಈ ಮಾತು ಎತ್ತೋದಕ್ಕೆ ಎಷ್ಟು ಧೈರ್ಯ ಬೇಕಿತ್ತು, ಯೋಚಿಸಿ.

ಇನ್ನು ಸಿನಿಮಾ. ತೆಲುಗು ಟಾಕಿ, ಅಂದರೆ ಮಾತಿನ ಸಿನಿಮಾ, ಬರುವ ಹೊತ್ತಿಗೇ ಅವರಿಗೆ ಐವತ್ತು ದಾಟಿತ್ತು. 1936ರ ‘ದ್ರೌಪದಿ ಮಾನಸಂರಕ್ಷಣಂ’ನಲ್ಲಿ ದುರ್ಯೋಧನ. ಅದೇ ವರ್ಷ ಅದೇ ಕಥೆಯ ಇನ್ನೊಂದು ಸಿನಿಮಾ ಬಂದು ಇದು ಸೋತಿತು. 1939ರಲ್ಲಿ ‘ರೈತುಬಿಡ್ಡ’. ಜಮೀನ್ದಾರರ ದಬ್ಬಾಳಿಕೆಯ ಕಥೆ, ಅವರು ರೈತ. ಜಮೀನ್ದಾರರು ಅದನ್ನು ನಿಲ್ಲಿಸಲು ನೋಡಿದರು ಅಂದಮೇಲೆ ಆ ಚಿತ್ರ ಎಲ್ಲಿ ಚುಚ್ಚಿತ್ತು ಅಂತ ಗೊತ್ತಾಗುತ್ತದೆ. 1940ರಲ್ಲಿ ‘ಚಂಡಿಕಾ’. ಅಲ್ಲಿಗೆ ಮುಗಿಯಿತು. ಮೂರು ಸಿನಿಮಾದಿಂದ ಅವರನ್ನು ಅಳೆಯಬೇಡಿ, ದಯವಿಟ್ಟು. ಅವರ ಜಾಗ ರಂಗವೇ ಆಗಿತ್ತು.

ಬಳ್ಳಾರಿಗೆ ಬಂದಾಗ ರಾಘವ ಕಲಾಮಂದಿರದಲ್ಲಿ ಒಂದು ನಾಟಕ ನೋಡಿ ಹೋಗಿ, ಕನ್ನಡದ್ದಾದರೂ ಸರಿ, ತೆಲುಗಿನದಾದರೂ ಸರಿ. ನೋಡಿದ ಮೇಲೆ ಮತ್ತೆ ಕಾಗದ ಬರೆಯಿರಿ.

ನಿಮ್ಮ,
ಸಂಪಾದಕ