ಸರಳೆ ವರಸೆ ಬರುತ್ತಾ? ಹಾಗಾದರೆ ಟ್ರ್ಯಾಕರ್ ಕೂಡ ಬರುತ್ತೆ

ಪ್ರಶ್ನೆ: ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಕೊಂಡಿದ್ದೇನೆ. ಹಳೇ ವಿಡಿಯೊ ಗೇಮ್‌ಗಳ ಸಂಗೀತ ನನಗೆ ತುಂಬಾ ಇಷ್ಟ, ಅಂಥದ್ದನ್ನು ನಾನೇ ಮಾಡಬೇಕು ಅಂತ ಆಸೆ. ಆದರೆ ಅದಕ್ಕೆ ಬಳಸುವ ಟ್ರ್ಯಾಕರ್ ಎಂಬ ಸಂಗೀತ ಬರೆಯುವ ಸಾಫ್ಟ್‌ವೇರ್ ತೆರೆದರೆ ಬರೀ ಅಂಕಿ, ಅಕ್ಷರ, ಚುಕ್ಕೆ. ಪಿಯಾನೊ ನುಡಿಸಲು ಬರುವುದಿಲ್ಲ. ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತದ ಮೊದಲ ಪಾಠಗಳಾದ ಸರಳೆ ವರಸೆ, ಅಲಂಕಾರ ಕಲಿತಿದ್ದೆ, ಅಷ್ಟೇ. ಎಲ್ಲಿಂದ ಶುರು ಮಾಡಲಿ?
— ಓದುಗರು, ದಾವಣಗೆರೆ

ಉತ್ತರ: ಆ ಸರಳೆ ವರಸೆಯಿಂದಲೇ ಶುರು ಮಾಡಿ. ನಿಮಗೆ ಅದು ಎಷ್ಟು ಕೆಲಸಕ್ಕೆ ಬರುತ್ತದೆ ಅಂತ ಈಗಲೇ ತೋರಿಸುತ್ತೇನೆ.

ಮೊದಲು ಸಾಫ್ಟ್‌ವೇರ್. ಹತ್ತಾರು ಇವೆ, ಎಲ್ಲವನ್ನೂ ಹಾಕಿಕೊಂಡು ಕೂರಬೇಡಿ. ಫರ್ನೇಸ್ ಒಂದೇ ಸಾಕು. ಇದು ಉಚಿತ, ಮುಕ್ತ ತಂತ್ರಾಂಶ. ಗಿಟ್‌ಹಬ್‌ನಲ್ಲಿ ಲಿನಕ್ಸ್‌ಗೆ ಸಿದ್ಧ ಕಡತವೇ ಸಿಗುತ್ತದೆ. ಹಳೆಯ ಗೇಮ್ ಯಂತ್ರಗಳ ಸೌಂಡ್ ಚಿಪ್ ಹೇಗೆ ಕೆಲಸ ಮಾಡುತ್ತಿತ್ತೋ ಹಾಗೇ ಇದು ನುಡಿಸುತ್ತದೆ. ಲ್ಯಾಪ್‌ಟಾಪ್ ತೀರಾ ಹಳೆಯದಾಗಿ ಫರ್ನೇಸ್ ಏಳದಿದ್ದರೆ ಮಾತ್ರ ಮಿಲ್ಕಿಟ್ರ್ಯಾಕರ್ ನೋಡಿ. ಅದು ಡೆಬಿಯನ್, ಉಬುಂಟುಗಳ ಪ್ಯಾಕೇಜ್ ಪಟ್ಟಿಯಲ್ಲೇ ಇದೆ.

ಫರ್ನೇಸ್‌ನಲ್ಲಿ ಹೊಸ ಹಾಡು ತೆರೆದು ಗೇಮ್ ಬಾಯ್ ಆರಿಸಿಕೊಳ್ಳಿ. ನಾಲ್ಕೇ ಕಾಲಂ ಕಾಣುತ್ತವೆ. ಒಂದೊಂದೂ ಒಂದು ಚಾನೆಲ್, ಅಂದರೆ ಒಂದು ಪ್ರತ್ಯೇಕ ದನಿ. ಎರಡು ಪಲ್ಸ್, ಒಂದು ವೇವ್, ಒಂದು ನಾಯ್ಸ್. 1989ರಲ್ಲಿ ಬಂದ ಆ ಪುಟ್ಟ ಯಂತ್ರದಲ್ಲಿ ಇದ್ದದ್ದೇ ಅಷ್ಟು.

ಈಗ ಆ ಅಂಕಿಗಳ ಭಯ ಬಿಡಿಸೋಣ. ಟ್ರ್ಯಾಕರ್‌ನಲ್ಲಿ ಕಾಲ ಮೇಲಿನಿಂದ ಕೆಳಗೆ ಹರಿಯುತ್ತದೆ. ನಿಮ್ಮ ಸಂಗೀತದ ಪುಸ್ತಕದಲ್ಲಿ ಸ್ವರಗಳನ್ನು ಅಡ್ಡಕ್ಕೆ ಬರೆದಿರುತ್ತೀರಿ, ಇಲ್ಲಿ ಉದ್ದಕ್ಕೆ ಬರೆಯುತ್ತೀರಿ, ಅಷ್ಟೇ ವ್ಯತ್ಯಾಸ. ಒಂದು ಪ್ಯಾಟರ್ನ್‌ನಲ್ಲಿ, ಅಂದರೆ ಹಾಡಿನ ಒಂದು ಪುಟದಲ್ಲಿ, ಸಾಮಾನ್ಯವಾಗಿ 64 ಸಾಲು. ತಾಳದ ಒಂದು ಅಕ್ಷರಕ್ಕೆ, ಅಂದರೆ ಒಂದು ಎಣಿಕೆಗೆ, 4 ಸಾಲು ಕೊಡಿ. ಆದಿ ತಾಳದ 8 ಅಕ್ಷರಕ್ಕೆ 32 ಸಾಲು ಆಯಿತು. ಅಂದರೆ ಒಂದು ಪ್ಯಾಟರ್ನ್‌ನಲ್ಲಿ ಸರಿಯಾಗಿ ಎರಡು ಆವರ್ತ! ನಾಲ್ಕು ಸಾಲಿಗೊಂದು ಸ್ವರ ಹಾಕಿದರೆ ಒಂದನೇ ಕಾಲ. ಎರಡು ಸಾಲಿಗೊಂದು ಹಾಕಿದರೆ ಎರಡನೇ ಕಾಲ. ಪ್ರತಿ ಸಾಲಿಗೂ ಹಾಕಿದರೆ ಮೂರನೇ ಕಾಲ. ನೀವು ಬಾಯಲ್ಲಿ ಹಾಡಿದ್ದು ಈಗ ಕಣ್ಣಿಗೆ ಕಾಣುತ್ತದೆ.

ಸ್ವರಗಳಿಗೆ ಕಂಪ್ಯೂಟರ್ ಕೀಬೋರ್ಡೇ ಸಾಕು. ಸ್ಪೇಸ್ ಒತ್ತಿದರೆ ಬರೆಯುವ ಸ್ಥಿತಿಗೆ ಬರುತ್ತದೆ. ಒಂದು ಮನೆ ಶ್ರುತಿ ಅಂತ ಇಟ್ಟುಕೊಂಡರೆ ಝಡ್ ಕೀ ಷಡ್ಜ. ಸರಳೆ ವರಸೆಯ ರಾಗವಾದ ಮಾಯಾಮಾಳವಗೌಳಕ್ಕೆ ಕ್ರಮವಾಗಿ ಝಡ್, ಎಸ್, ಸಿ, ವಿ, ಬಿ, ಎಚ್, ಎಂ ಒತ್ತಿ. ಮೇಲಿನ ಷಡ್ಜಕ್ಕೆ ಕ್ಯೂ. ಎಂಟರ್ ಒತ್ತಿದರೆ ಹಾಡುತ್ತದೆ. ವೇಗ ಜಾಸ್ತಿ ಅನ್ನಿಸುವುದು ಖಂಡಿತ. ಸ್ಪೀಡ್ 6 ಇದ್ದರೆ ನಿಮಿಷಕ್ಕೆ ಸುಮಾರು 150 ಅಕ್ಷರ ಓಡುತ್ತದೆ. ಅದನ್ನು 12 ಮಾಡಿ, 75ಕ್ಕೆ ಇಳಿಯುತ್ತದೆ. ಇಲ್ಲಿ ಸಂಖ್ಯೆ ದೊಡ್ಡದಾದಷ್ಟೂ ನಡಿಗೆ ನಿಧಾನ. ಒಂದು ಸಾಲು ಎಷ್ಟು ಟಿಕ್ ನಿಲ್ಲಬೇಕು ಅನ್ನುವ ಲೆಕ್ಕ ಅದು. ಟಿಕ್ ಅಂದರೆ ಇಲ್ಲಿ ಕಾಲದ ಅತಿ ಚಿಕ್ಕ ಅಳತೆ, ಸೆಕೆಂಡಿಗೆ ಸುಮಾರು 60 ಟಿಕ್.

ಈ ಟಿಕ್‌ನಲ್ಲೇ ಚಿಪ್‌ಟ್ಯೂನ್‌ನ, ಅಂದರೆ ಇಂಥ ಸೌಂಡ್ ಚಿಪ್ ಸಂಗೀತದ, ಜೀವ ಇದೆ. ಒಂದು ಪಲ್ಸ್ ಚಾನೆಲ್ ಒಂದು ಸಲಕ್ಕೆ ಒಂದೇ ಸ್ವರ ನುಡಿಸಬಲ್ಲದು. ಮೂರು ಸ್ವರ ಒಟ್ಟಿಗೆ ಬೇಕಾದರೆ? ಟಿಕ್‌ಗೊಂದರಂತೆ ಮೂರನ್ನೂ ಸುತ್ತಿಸುವುದು. ಒಂದು ಸುತ್ತಿಗೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಸಾಕು. ಕಿವಿ ಅದನ್ನು ಬಿಡಿಸಿ ಕೇಳುವುದಿಲ್ಲ, ಮಿನುಗುವ ಒಂದೇ ನಾದ ಅಂದುಕೊಳ್ಳುತ್ತದೆ. ನಮಗೆಲ್ಲ ಗೊತ್ತಿರುವ ಆ ಗೇಮ್ ಸದ್ದು ಇದೇ. ಇದಕ್ಕೆ ಆರ್ಪೆಜಿಯೊ ಅಂತಾರೆ.

ಎರಡನೇ ಪಲ್ಸ್ ಕಾಲಂನ ಮೊದಲ ಸಾಲಿನಲ್ಲಿ ಷಡ್ಜ ಹಾಕಿ. ಪಕ್ಕದ ಎಫೆಕ್ಟ್ ಜಾಗದಲ್ಲಿ 00, ಅದರ ಮುಂದೆ 7ಸಿ ಬರೆಯಿರಿ. 7 ಅಂದರೆ ಷಡ್ಜದಿಂದ ಏಳು ಸ್ಥಾನ ಮೇಲೆ, ಅದು ಪಂಚಮ. ಇಲ್ಲಿ ಎಣಿಕೆ ಹದಿನಾರರ ಲೆಕ್ಕದಲ್ಲಿ ಇರುವುದರಿಂದ ಸಿ ಅಂದರೆ 12, ಅದು ಮೇಲಿನ ಷಡ್ಜ. ಸ, ಪ, ಸ. ಗೇಮ್ ಬಾಯ್ ತಂಬೂರಿ ಸಿದ್ಧ! ನಾದ ಮಾಸಿಹೋಗದ ಹಾಗೆ ಇನ್‌ಸ್ಟ್ರುಮೆಂಟ್‌ನ ಎನ್ವಲಪ್ (ಸದ್ದಿನ ಏರಿಳಿತ) ಉದ್ದವನ್ನು 0 ಮಾಡಿ. ಇದರ ಮೇಲೆ ಮೊದಲ ಪಲ್ಸ್‌ನಲ್ಲಿ ನಿಮ್ಮ ವರಸೆ ಓಡಲಿ. ಮೊದಲ ಸಲ ಇದನ್ನು ಕೇಳಿದಾಗ ನನಗೆ ಮೈ ಜುಮ್ ಅಂದಿತ್ತು.

ಪ್ರಶ್ನೆ: ನಾನು ವೀಣೆ ಕಲಿಯುತ್ತಿದ್ದೇನೆ. ಟ್ರ್ಯಾಕರ್‌ನಲ್ಲಿ ಕೀರ್ತನೆ ಬರೆದರೆ ಸ್ವರಗಳು ಕಲ್ಲಿನ ಹಾಗೆ ಕೂರುತ್ತವೆ. ಗಮಕ, ಅಂದರೆ ಸ್ವರವನ್ನು ಅಲುಗಿಸುವುದು, ಜಾರಿಸುವುದು, ತರಲು ಸಾಧ್ಯವೇ ಇಲ್ವಾ?
— ಓದುಗರು, ಮೈಸೂರು

ಉತ್ತರ: ಸ್ವಲ್ಪ ಮಟ್ಟಿಗೆ ಸಾಧ್ಯ. ಜಾರು ಚೆನ್ನಾಗಿ ಬರುತ್ತದೆ. ಸೇರಬೇಕಾದ ಸ್ವರದ ಸಾಲಿನಲ್ಲೇ 03 ಎಫೆಕ್ಟ್ ಕೊಟ್ಟರೆ ಹಿಂದಿನ ಸ್ವರದಿಂದ ಅದು ಜಾರಿಕೊಂಡು ಬರುತ್ತದೆ. ಮುಂದಿನ ಎರಡು ಅಂಕಿ ಜಾರುವ ವೇಗ. ಸ್ವರವನ್ನು ಅಲುಗಿಸುವ ಕಂಪಿತಕ್ಕೆ ಎಲ್ಲರೂ ಮೊದಲು 04, ಅಂದರೆ ವೈಬ್ರೇಟೊ ಹಾಕುತ್ತಾರೆ. ದಯವಿಟ್ಟು ಬೇಡ. ಅದು ಗಡಿಯಾರದ ಹಾಗೆ ಒಂದೇ ಸಮ ತೂಗುತ್ತದೆ. ನೀವು ತಂತಿ ಎಳೆಯುವಾಗ ಹಾಗೆ ಎಳೆಯುವುದಿಲ್ಲ, ಅಲ್ವಾ? ಒಂದು ಕಡೆ ನಿಂತು, ಇನ್ನೊಂದು ಕಡೆ ಸುಮ್ನೆ ಮುಟ್ಟಿ ಬರುತ್ತೀರಿ.

ಅದಕ್ಕೆ ಕೈಯಿಂದಲೇ ಬರೆಯಬೇಕು. ಸ್ಪೀಡ್ ಅಂಕಿಯನ್ನು ಅರ್ಧ ಮಾಡಿ, ಒಂದು ಅಕ್ಷರಕ್ಕೆ 4ರ ಬದಲು 8 ಸಾಲು ಕೊಡಿ. ನಡಿಗೆ ಬದಲಾಗದೆ ಬರೆಯುವ ಜಾಗ ಎರಡರಷ್ಟಾಗುತ್ತದೆ. ಆ ಸಾಲುಗಳಲ್ಲಿ ಎರಡು ಸ್ವರಗಳ ನಡುವೆ 03 ಹಾಕುತ್ತಾ, ಅಂತರವನ್ನು ಅಸಮವಾಗಿಯೇ ಇಡಿ. ಮೊದಲು ಬಾಯಲ್ಲಿ ಹಾಡಿ, ಎಲ್ಲಿ ನಿಲ್ಲುತ್ತೀರಿ ಅಂತ ಗಮನಿಸಿ, ಆಮೇಲೆ ಬರೆಯಿರಿ. ಕೀರ್ತನೆಯ ಒಂದೇ ಸಾಲಿಗೆ ಒಂದು ಸಂಜೆಯೇ ಹೋಗಬಹುದು. ತೋಡಿ ರಾಗದ ಗಾಂಧಾರಕ್ಕೆ ಮಾತ್ರ ಈಗಲೇ ಕೈ ಹಾಕಬೇಡಿ.

ಕೀರ್ತನೆಗಿಂತ ಮೊದಲು ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳನ್ನು ತೆಗೆದುಕೊಳ್ಳಿ. ಪಾಶ್ಚಾತ್ಯ ಬ್ಯಾಂಡ್ ಧಾಟಿಗಳಿಗೆ ಅವರು ಸಂಸ್ಕೃತ ಸಾಹಿತ್ಯ ಕೂಡಿಸಿದ ಪುಟ್ಟ ರಚನೆಗಳು ಅವು. ಶಂಕರಾಭರಣದ ಸ್ವರಗಳು, ಗಮಕವಿಲ್ಲದ ನೇರ ನಡೆ. ಟ್ರ್ಯಾಕರ್‌ಗೆ ಹೇಳಿ ಮಾಡಿಸಿದಂತಿವೆ. ಮೂರೆಣಿಕೆಯ ಧಾಟಿ ಆದರೆ ಪ್ಯಾಟರ್ನ್ ಉದ್ದವನ್ನು 64ರಿಂದ 48ಕ್ಕೆ ಇಳಿಸಿಕೊಳ್ಳಿ.

ಪ್ರಶ್ನೆ: ಫರ್ನೇಸ್‌ನಲ್ಲಿ ನುಡಿಸುವಾಗ ಸದ್ದು ಪಟಪಟ ಒಡೆಯುತ್ತದೆ. ಏನು ಮಾಡಲಿ?
— ಓದುಗರು, ಹುಬ್ಬಳ್ಳಿ

ಉತ್ತರ: ಸೆಟ್ಟಿಂಗ್ಸ್‌ನ ಆಡಿಯೊ ವಿಭಾಗದಲ್ಲಿ ಬಫರ್ (ಸದ್ದನ್ನು ಮೊದಲೇ ಕೂಡಿಡುವ ಜಾಗ) ಗಾತ್ರವನ್ನು 1024 ಮಾಡಿ. ಕೀ ಒತ್ತಿದ ಮೇಲೆ ಸದ್ದು ಬರುವುದು ಸುಮಾರು 23 ಮಿಲಿಸೆಕೆಂಡ್ ತಡವಾಗಬಹುದು, ಬರೆಯುವ ಕೆಲಸಕ್ಕೆ ಅದು ಅಡ್ಡಿಯಲ್ಲ. ಆಮೇಲೂ ಒಡೆದರೆ ಬ್ರೌಸರ್ ಮುಚ್ಚಿ ನೋಡಿ. ಹಾಡನ್ನು ವೇವ್ ಕಡತವಾಗಿ ಎಕ್ಸ್‌ಪೋರ್ಟ್ ಮಾಡಿದಾಗ ಈ ಒಡಕು ಅದರಲ್ಲಿ ಸೇರಿಕೊಳ್ಳುವುದಿಲ್ಲ.